ಅಮೆರಿಕನ್ ಕಾಲೇಜು ಫುಟ್‌ಬಾಲ್: ಮೊದಲ ಪಂದ್ಯ ನೋಡಿ ತಂಡವನ್ನು ಅಳೆಯಬಹುದೇ?

ಸ್ಕೋರ್ ನೋಡಿ ಅಳೆಯಬೇಡಿ, ಲೈನ್ ಆಟ, ಅಂದರೆ ಎರಡೂ ತಂಡಗಳ ಮುಂಚೂಣಿ ಆಟಗಾರರ ತಳ್ಳಾಟ, ನೋಡಿ ಅಳೆಯಿರಿ. ಕಾಲೇಜು ತಂಡಗಳಿಗೆ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಂತೆ ಸೀಸನ್‌ಗೆ ಮುಂಚಿನ ಅಭ್ಯಾಸ ಪಂದ್ಯಗಳಿಲ್ಲ. ಪ್ರತಿವರ್ಷ ಹಳಬರು ಪದವಿ ಮುಗಿಸಿ ಹೋಗುತ್ತಾರೆ, ಬೇರೆ ಕಾಲೇಜುಗಳಿಂದ ಹೊಸಬರು ಬರುತ್ತಾರೆ. ಹಾಗಾಗಿ ಪೆನಾಲ್ಟಿ, ತಪ್ಪಿದ ಟ್ಯಾಕಲ್ (ಚೆಂಡು ಹಿಡಿದವನನ್ನು ಕೆಡವುವುದು), ಕೈಜಾರಿದ ಚೆಂಡು ಮೊದಲ ವಾರ ಸಹಜ; ಇವು ಬಹುಪಾಲು ತಿದ್ದಿಕೊಳ್ಳುವಂಥವು.

ಆದರೆ ದಾಳಿಯನ್ನು ನಡೆಸುವ, ಚೆಂಡೆಸೆಯುವ ಆಟಗಾರ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಐವರ ಆಫೆನ್ಸಿವ್ ಲೈನ್ ಹಿಂದಕ್ಕೆ ತಳ್ಳಿಸಿಕೊಳ್ಳುತ್ತಿದ್ದರೆ ಅದು ಬಲದ ಕೊರತೆ, ಒಂದು ವಾರದಲ್ಲಿ ಸರಿಹೋಗುವುದಿಲ್ಲ. ಓಟದ ಗಜಗಳನ್ನು, ಅಂದರೆ ಚೆಂಡು ಹಿಡಿದು ಓಡಿ ಗಳಿಸಿದ ದೂರವನ್ನು, ನೋಡುವಾಗ ಒಂದು ಎಚ್ಚರ: ಕಾಲೇಜು ಲೆಕ್ಕದಲ್ಲಿ ಸ್ಯಾಕ್, ಅಂದರೆ ಕ್ವಾರ್ಟರ್‌ಬ್ಯಾಕ್ ಚೆಂಡೆಸೆಯುವ ಮೊದಲೇ ಸಿಕ್ಕಿಬಿದ್ದ ನಷ್ಟ, ಓಟದ ಗಜಗಳಲ್ಲೇ ಕಳೆಯುತ್ತದೆ. ಅದನ್ನು ಮರಳಿ ಕೂಡಿಸಿ ನೋಡಿ.

2024ರಲ್ಲಿ 10ನೇ ಶ್ರೇಯಾಂಕದ ಫ್ಲೋರಿಡಾ ಸ್ಟೇಟ್ ಡಬ್ಲಿನ್‌ನಲ್ಲಿ ಜಾರ್ಜಿಯಾ ಟೆಕ್‌ಗೆ 24-21ರಿಂದ ಸೋತಿತು, ಅದೂ ಕೊನೆಯ ಕ್ಷಣದ 44 ಗಜದ ಫೀಲ್ಡ್ ಗೋಲ್‌ನಿಂದ (ಕಂಬಗಳ ನಡುವೆ ಚೆಂಡನ್ನು ಒದ್ದು ಗಳಿಸುವ ಮೂರು ಅಂಕ). ಅಂತರ ಬರೀ ಮೂರು ಅಂಕ. ಆದರೆ ಎದುರಾಳಿಯ ಓಟವನ್ನು ತಡೆಯಲು ಫ್ಲೋರಿಡಾ ಸ್ಟೇಟ್‌ಗೆ ಆಗಿರಲಿಲ್ಲ. ಸೀಸನ್ ಮುಗಿದಾಗ ಗೆಲುವು 2, ಸೋಲು 10. ಇದಕ್ಕೆ ವಿರುದ್ಧವಾಗಿ, 2007ರಲ್ಲಿ ಕೆಳಹಂತದ ವಿಭಾಗದ ಆಪಲೇಚಿಯನ್ ಸ್ಟೇಟ್‌ಗೆ 34-32ರಿಂದ ಸೋತು ತಲೆತಗ್ಗಿಸಿದ ಮಿಶಿಗನ್ 9 ಪಂದ್ಯ ಗೆದ್ದು ಸೀಸನ್ ಮುಗಿಸಿತು.