ಚಾರ್ಟಿನಲ್ಲಿ ‘ಮಂಡ್ಯ’ ಒಡೆಯುವುದೇಕೆ?

ಪ್ರಶ್ನೆ: ಮಂಡ್ಯ ಜಿಲ್ಲೆಯ ಏಳು ತಾಲ್ಲೂಕುಗಳ ಕಬ್ಬಿನ ವಿಸ್ತೀರ್ಣಕ್ಕೆ ಪೈಥಾನ್‌ನಲ್ಲಿ ಚಾರ್ಟ್ ಬಿಡಿಸುವ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್‌ನಿಂದ ಬಾರ್ ಚಾರ್ಟ್ ಮಾಡಿದೆ. ಹೆಸರಿನ ಜಾಗದಲ್ಲಿ ಬರೀ ಚೌಕಗಳು ಬಂದವು. ಕನ್ನಡ ಫಾಂಟ್ ಕೊಟ್ಟರೆ ‘ಮಂಡ್‌ಯ’, ‘ಮದ್‌ದೂರು’ ಎಂದು ಒಡೆಯುತ್ತದೆ. ಹೆಸರುಗಳು ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ, ಅಂಕಿ ಚೌಕಟ್ಟಿಗೆ ತಾಗುತ್ತದೆ. ಏನು ಮಾಡಲಿ?
— ಓದುಗರು, ಮಂಡ್ಯ

ಉತ್ತರ: ಮ್ಯಾಟ್‌ಪ್ಲಾಟ್‌ಲಿಬ್ ತಾನಾಗಿ ಬಳಸುವ ಡೇಜಾವು ಸಾನ್ಸ್ ಫಾಂಟಿನಲ್ಲಿ ಕನ್ನಡವಿಲ್ಲ, ಅದಕ್ಕೇ ಚೌಕ. ಒತ್ತಕ್ಷರ ಒಡೆಯುವುದು ಮಾತ್ರ ಫಾಂಟಿನ ತಪ್ಪಲ್ಲ. 3.10ರವರೆಗಿನ ಆವೃತ್ತಿಗಳು ಅಕ್ಷರಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತವೆ ಅಷ್ಟೆ. ಡ, ಹಲಂತ, ಯ ಸೇರಿ ‘ಡ್ಯ’ ಆಗಬೇಕೆಂದು ಫಾಂಟಿನೊಳಗೆ ಬರೆದಿರುವ ನಿಯಮವನ್ನು ಓದುವುದೇ ಇಲ್ಲ. ಫಾಂಟ್ ಬದಲಿಸುತ್ತಾ ಕೂತರೆ ದಿನ ಹೋಗುತ್ತದೆ, ಒತ್ತು ಕೂಡುವುದಿಲ್ಲ.

ಮ್ಯಾಟ್‌ಪ್ಲಾಟ್‌ಲಿಬ್‌ನ ಸೆಟ್ಟಿಂಗ್‌ಗಳ ಪಟ್ಟಿಯಾದ ಆರ್‌ಸಿಪ್ಯಾರಮ್ಸ್‌ನಲ್ಲಿ ‘ಫಾಂಟ್.ಫ್ಯಾಮಿಲಿ’ಗೆ ನೋಟೋ ಸಾನ್ಸ್ ಕನ್ನಡ ಕೊಡಿ, ‘ಎಸ್‌ವಿಜಿ.ಫಾಂಟ್‌ಟೈಪ್’ಗೆ ‘ನನ್’ (none) ಕೊಡಿ (ಕೋಟ್ ಒಳಗೆ, ಸಣ್ಣಕ್ಷರದಲ್ಲಿ, ಪೈಥಾನ್‌ನ ನನ್ (None) ಬೇರೆ). ಚಾರ್ಟನ್ನು ಎಸ್‌ವಿಜಿಯಾಗಿ (ಗೆರೆ, ಪಠ್ಯಗಳನ್ನು ಹಾಗೆಯೇ ಇಡುವ ಚಿತ್ರ ಕಡತ) ಉಳಿಸಿ. ಆಗ ಹೆಸರು ಪಠ್ಯವಾಗಿಯೇ ಉಳಿದು, ಬ್ರೌಸರೋ ಚಿತ್ರ ತಿದ್ದುವ ತಂತ್ರಾಂಶ ಇಂಕ್‌ಸ್ಕೇಪೋ ತೆರೆದಾಗ ಒತ್ತನ್ನು ತಾನೇ ಕೂಡಿಸುತ್ತದೆ. ತೆರೆಯುವ ಕಂಪ್ಯೂಟರಿನಲ್ಲೂ ಆ ಫಾಂಟ್ ಇರಬೇಕು; ಪ್ರೆಸ್‌ಗಾದರೆ ಇಂಕ್‌ಸ್ಕೇಪ್‌ನಿಂದ ಪಿಡಿಎಫ್ ಮಾಡಿ ಕಳಿಸಿ.

ಶ್ರೀರಂಗಪಟ್ಟಣದಂಥ ಉದ್ದ ಹೆಸರನ್ನು ಓರೆ ಮಾಡಬೇಡಿ, ಕತ್ತು ವಾಲಿಸಿ ಯಾರು ಓದುತ್ತಾರೆ? ‘ಬಾರ್‌ಎಚ್’ನಿಂದ ಕಂಬಗಳನ್ನೇ ಮಲಗಿಸಿ. ಪಟ್ಟಿಯ ಮೊದಲ ತಾಲ್ಲೂಕು ತಳಕ್ಕೆ ಹೋಗುತ್ತದೆ. ‘ಇನ್ವರ್ಟ್_ವೈಆಕ್ಸಿಸ್’ ಕೊಟ್ಟರೆ ಮೇಲೆ ಬರುತ್ತದೆ. ಅಂಕಿಗೆ ‘ಬಾರ್_ಲೇಬಲ್’ (3.4ರಿಂದ ಇದೆ), ಪ್ಯಾಡಿಂಗ್ 3. ಚೌಕಟ್ಟಿಗೆ ತಾಗದಂತೆ ‘ಮಾರ್ಜಿನ್ಸ್’ನಲ್ಲಿ ಎಕ್ಸ್ 0.15 ಇಡಿ. ಕಂಬದ ತುದಿಯಲ್ಲೇ ಅಂಕಿ ಇರುವಾಗ ಕೆಳಗಿನ ಅಕ್ಷದ ಅಂಕಿಗಳೇಕೆ, ತೆಗೆದುಬಿಡಿ. ಇನ್ನೊಂದು: ಕಾಮಾ ಫಾರ್ಮ್ಯಾಟ್ 125,000 ಎಂದು ಬರೆಯುತ್ತದೆ. ನಮ್ಮ 1,25,000 ಬೇಕಿದ್ದರೆ ಪಟ್ಟಿಯನ್ನು ನೀವೇ ತಯಾರಿಸಿ ‘ಲೇಬಲ್ಸ್’ಗೆ ಕೊಡಬೇಕು.

ಪ್ರಶ್ನೆ: ಜೂನ್‌ನಿಂದ ಮೇವರೆಗಿನ ಕೆಆರ್‌ಎಸ್ ನೀರಿನ ಮಟ್ಟ, ಐದು ವರ್ಷಕ್ಕೆ ಐದು ಗೆರೆ. ಲೆಜೆಂಡ್ (ಯಾವ ಬಣ್ಣ ಯಾವ ವರ್ಷ ಎಂದು ತಿಳಿಸುವ ಪಟ್ಟಿ) ನೋಡಿ ಬಣ್ಣ ಹೊಂದಿಸುವುದೇ ಕಷ್ಟ.
— ಓದುಗರು, ಮೈಸೂರು

ಉತ್ತರ: ಲೆಜೆಂಡ್ ತೆಗೆಯಿರಿ. ಪ್ರತಿ ಗೆರೆಯ ಕೊನೆಯ ಬಿಂದುವಿಗೆ ‘ಆನೊಟೇಟ್’ನಿಂದ ಅದರದೇ ಬಣ್ಣದಲ್ಲಿ ವರ್ಷ ಬರೆಯಿರಿ: ‘ಎಕ್ಸ್‌ವೈಟೆಕ್ಸ್ಟ್’ 6, 0, ‘ಟೆಕ್ಸ್ಟ್‌ಕೋಆರ್ಡ್ಸ್’ಗೆ ‘ಆಫ್‌ಸೆಟ್ ಪಾಯಿಂಟ್ಸ್’. ಮೇ ಕೊನೆಗೆ ಎರಡು ವರ್ಷದ ಮಟ್ಟ ಹತ್ತಿರ ಬಂದರೆ ಲೇಬಲ್‌ಗಳು ಅಂಟಿಕೊಳ್ಳುತ್ತವೆ; ಒಂದರ ಸೊನ್ನೆಯನ್ನು 7, ಇನ್ನೊಂದರದನ್ನು ಮೈನಸ್ 7 ಮಾಡಿ. ಐದೇ ಗೆರೆಗೆ ಇದು ಸಾಕು. ಗರಿಷ್ಠ ಮಟ್ಟ 124.80 ಅಡಿಗೆ ‘ಎಎಕ್ಸ್‌ಎಚ್‌ಲೈನ್’ನಿಂದ ತೆಳು ತುಂಡುಗೆರೆ ಎಳೆದು, ಅದರ ಹೆಸರನ್ನು ಎಡತುದಿಯಲ್ಲಿ ಬರೆಯಿರಿ: ಜೂನ್ ಆರಂಭದಲ್ಲಿ ಕಟ್ಟೆ ತುಂಬಿರುವುದು ಅಪರೂಪ, ಆ ಮೂಲೆ ಖಾಲಿ ಸಿಗುತ್ತದೆ.