ಹಳೇ ಸ್ಪ್ಲೆಂಡರ್ ಬೆಳಿಗ್ಗೆ ಸ್ಟಾರ್ಟ್ ಆಗಲ್ವಾ? ಸಿಡಿಐ ಕೊಳ್ಳುವ ಮುಂಚೆ ಇಷ್ಟು ನೋಡಿ

ಅಣ್ಣ, ನಿಮ್ಮ ಮೆಸೇಜ್ ಎರಡು ಸಲ ಓದಿದೆ. 2002ರ ಸ್ಪ್ಲೆಂಡರ್, ಕಿಕ್ಕರ್ ಮಾತ್ರ. ಬೆಳಿಗ್ಗೆ ಡೈರಿಗೆ ಹಾಲು ಹಾಕುವ ಹೊತ್ತಿಗೆ ಇಪ್ಪತ್ತು ಮೂವತ್ತು ಕಿಕ್ ಹೊಡೆದರೂ ಸ್ಟಾರ್ಟ್ ಆಗಲ್ಲ, ಬಿಸಿಲೇರಿದ ಮೇಲೆ ಒಂದೇ ಕಿಕ್ಕಿಗೆ ಆಗುತ್ತೆ. ಹಾರ್ನ್ ಕೀರಲು. ಇಂಡಿಕೇಟರ್ ಮಿಣುಕದೆ ಸುಮ್ನೆ ಉರಿಯುತ್ತೆ. ವರ್ಷದಲ್ಲಿ ಎರಡು ಬ್ಯಾಟರಿ ಹೋದವು, ಈಗ ಸಿಡಿಐ (ಸ್ಪಾರ್ಕ್ ಪ್ಲಗ್ಗಿಗೆ ಸರಿಯಾದ ಹೊತ್ತಿಗೆ ಕರೆಂಟ್ ಕಳಿಸುವ ಡಬ್ಬಿ) ಮತ್ತು ಪೂರ್ತಿ ವೈರಿಂಗ್ ಕಿಟ್ ಹಾಕಿಸಿ ಅಂತ ಹೇಳಿದ್ದಾರೆ. ದಯವಿಟ್ಟು ಈಗಲೇ ದುಡ್ಡು ಕೊಡಬೇಡಿ.

ನಿಮ್ಮ ಗಾಡಿಯಲ್ಲಿ ಸ್ಟಾರ್ಟಿಂಗ್ ಲೈನ್ ಬೇರೆ, ಬ್ಯಾಟರಿ ಲೈನ್ ಬೇರೆ. ಮ್ಯಾಗ್ನೆಟ್, ಅಂದ್ರೆ ಇಂಜಿನ್ ಜೊತೆ ತಿರುಗಿ ಕರೆಂಟ್ ಹುಟ್ಟಿಸುವ ಚಕ್ರ, ಅದರ ಒಳಗೆ ಸಿಡಿಐಗೆ ಅಂತಲೇ ಒಂದು ಕಾಯಿಲ್ ಇದೆ, ಕಿಕ್ ಹೊಡೆದಾಗ ಅದೇ ಕರೆಂಟ್ ಹುಟ್ಟಿಸಿ ಕೊಡುತ್ತೆ. ಲೈಟಿಗೂ ಬ್ಯಾಟರಿ ಚಾರ್ಜಿಗೂ ಬೇರೆ ಕಾಯಿಲ್. ಹಾಗಾಗಿ ಬ್ಯಾಟರಿ ಪೂರ್ತಿ ಸತ್ತಿದ್ದರೂ ಪ್ಲಗ್‌ಗೆ ಕರೆಂಟ್ ಬರಲೇಬೇಕು. ಹೊಸ ಬ್ಯಾಟರಿ ಹಾಕಿದರೆ ಬೆಳಿಗ್ಗೆ ಸ್ಟಾರ್ಟ್ ಆಗುತ್ತೆ ಅಂದವರು ಗಾಡಿ ನೋಡಿ ಹೇಳಿದ್ದಲ್ಲ. ಈ ಎರಡೂ ಲೈನ್ ಸೇರುವ ಜಾಗ ಒಂದೇ, ಅದು ಅರ್ಥ್, ಅಂದ್ರೆ ಚಾಸಿಸ್ ಮೂಲಕ ಕರೆಂಟ್ ವಾಪಸ್ ಹೋಗುವ ದಾರಿ. ಹೋದ ವರ್ಷ ಆಯುಧ ಪೂಜೆಗೆ ಚಾಸಿಸ್‌ಗೆ ಪೇಂಟ್ ಮಾಡಿಸಿ, ಪ್ರೆಷರ್ ಪೈಪಲ್ಲಿ ನೀರು ಹೊಡೆಸಿದ ಮೇಲೆ ಇದೆಲ್ಲ ಶುರುವಾಯ್ತು ಅಂತ ಕೊನೆಯಲ್ಲಿ ಬರೆದಿದ್ದೀರಲ್ಲ, ನನಗೆ ಅದೇ ಮುಖ್ಯ.

ತೊಂದರೆ ಇರುವ ಹೊತ್ತಲ್ಲೇ, ಅಂದ್ರೆ ಬೆಳಿಗ್ಗೆಯೇ ಚೆಕ್ ಮಾಡಿ. ಮಧ್ಯಾಹ್ನ ಗ್ಯಾರೇಜಿಗೆ ತಗೊಂಡು ಹೋದರೆ ಎಲ್ಲ ಸರಿಯಾಗೇ ಇರುತ್ತೆ, ಆಗ ಅವರೂ ಊಹೆ ಮೇಲೆ ಪಾರ್ಟ್ ಬದಲಾಯಿಸಬೇಕಾಗುತ್ತೆ. ಪೆಟ್ರೋಲ್ ಕಾಕ್ ಮುಚ್ಚಿ, ಪ್ಲಗ್ ಬಿಚ್ಚಿ. ಪ್ಲಗ್ ತುದಿ ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಬರ್ತಿದೆ, ಬೆಂಕಿ ಇಲ್ಲ ಅಂತ. ಒಣಗಿದ್ದರೆ ಕಾರ್ಬೊರೇಟರ್ ಕಡೆ ಹೋಗಬೇಕು. ಒಂದು ಹೊಸ ಪ್ಲಗ್ ತಗೊಳ್ಳಿ, ಗ್ಯಾಪ್ 0.6ರಿಂದ 0.7 ಮಿ.ಮೀ. ಇರಲಿ, ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ಗಿನ ಥ್ರೆಡ್ ಇರುವ ಲೋಹದ ಭಾಗವನ್ನು ಇಂಜಿನ್ ಹೆಡ್‌ಗೆ ಒತ್ತಿ ಇಟ್ಟು ಕಿಕ್ ಹೊಡೆಯಿರಿ. ಪ್ಲಗ್ ತೂತಿನ ಬಾಯಿಂದ ದೂರ ಇಡಿ, ಅಲ್ಲಿಂದ ಪೆಟ್ರೋಲ್ ಆವಿ ಚಿಮ್ಮುತ್ತೆ. ಕಿಡಿ (ಸ್ಪಾರ್ಕ್) ನೀಲಿ ಬಣ್ಣದಲ್ಲಿ, ಚಟ್ ಚಟ್ ಅಂತ ಸದ್ದು ಮಾಡ್ತಾ ಬಂದರೆ ಸಿಡಿಐ ಮಾತು ಅಲ್ಲಿಗೆ ಬಿಟ್ಟುಬಿಡಿ. ಹಳದಿಯಾಗಿ ಸಣ್ಣಗೆ ಬಂದರೆ ಪ್ಲಗ್ ಕ್ಯಾಪ್ ತಿರುಗಿಸಿ ಬಿಚ್ಚಿ ನೋಡಿ. ನೀರು ಹೋಗಿದ್ದರೆ ಕ್ಯಾಪಿಗೆ ಬರುವ ದಪ್ಪ ವೈರಿನ ಒಳಗಿನ ತಾಮ್ರದ ಎಳೆಗಳು ಹಸಿರು ಪುಡಿ ಹಿಡಿದಿರುತ್ತವೆ. ಆ ವೈರಿನ ತುದಿಯಲ್ಲಿ ಅರ್ಧ ಬೆರಳಿನ ಅಗಲದಷ್ಟು ಕತ್ತರಿಸಿ, ಕ್ಯಾಪ್ ಮತ್ತೆ ಗಟ್ಟಿಯಾಗಿ ತಿರುಗಿಸಿ ಹಾಕಿ.

ಸ್ಪಾರ್ಕ್ ಬರಲೇ ಇಲ್ಲ ಅಂದ್ರೆ ನನಗೆ ಮೊದಲ ಅನುಮಾನ ಕೀ ಸ್ವಿಚ್ ಮೇಲೆ. ಈ ಗಾಡಿಯಲ್ಲಿ ಕೀ ಆಫ್ ಮಾಡಿದಾಗ ಕರೆಂಟ್ ಕಟ್ ಆಗಲ್ಲ, ಸಿಡಿಐ ಕರೆಂಟ್ ಅರ್ಥ್‌ಗೆ ಹೋಗುವ ಹಾಗೆ ಸ್ವಿಚ್ ಜೋಡಿಸುತ್ತೆ, ಅದಕ್ಕೇ ಇಂಜಿನ್ ನಿಲ್ಲೋದು. ಸ್ವಿಚ್ ಒಳಗೆ ನೀರು, ಮಣ್ಣು ಸೇರಿದರೆ ಕೀ ಆನ್ ಇದ್ದರೂ ಕರೆಂಟ್ ಸೋರಿ ಅರ್ಥ್‌ಗೆ ಹೋಗುತ್ತೆ. ರಾತ್ರಿಯ ತೇವಕ್ಕೆ ನೆನೆದು, ಬಿಸಿಲಿಗೆ ಒಣಗಿ ಸರಿ ಹೋಗೋದು ಇದೇ ಕಾರಣಕ್ಕೆ ಇರಬಹುದು. ನನ್ನ ಗಾಡಿಗೆ ನಾನು ಎರಡು ಸಿಡಿಐ ಹಾಕಿಸಿದ ಮೇಲೆ ಸಿಕ್ಕಿದ್ದು ಇದೇ ಸ್ವಿಚ್. ಕೀ ಸ್ವಿಚ್ಚಿಂದ ಬರುವ ಕಪ್ಲರಲ್ಲಿ (ವೈರ್ ಸೇರಿಸುವ ಪ್ಲಾಸ್ಟಿಕ್ ಕ್ಲಿಪ್) ಕರಿ ಮೇಲೆ ಬಿಳಿ ಗೆರೆ ಇರುವ ವೈರ್ ಹುಡುಕಿ, ಅದನ್ನು ಬಿಡಿಸಿ ಕಿಕ್ ಹೊಡೆಯಿರಿ. ಸ್ಟಾರ್ಟ್ ಆಯ್ತು ಅಂದ್ರೆ ಸ್ವಿಚ್ ಅಥವಾ ಆ ವೈರೇ ಕಳ್ಳ. ಆ ವೈರ್ ಬಿಡಿಸಿದಾಗ ಕೀಯಿಂದ ಇಂಜಿನ್ ನಿಲ್ಲಲ್ಲ ಅನ್ನೋದು ನೆನಪಿರಲಿ. ಟಾಪ್ ಗೇರಿಗೆ ಹಾಕಿ, ಬ್ರೇಕ್ ಗಟ್ಟಿಯಾಗಿ ಹಿಡಿದು ಕ್ಲಚ್ ಬಿಡಿ, ನಿಲ್ಲುತ್ತೆ. ಓಡುವಾಗ ಬರಿ ವೈರ್ ಮುಟ್ಟಬೇಡಿ, ಜೋರಾಗಿ ಹೊಡೆಯುತ್ತೆ.

ಅದನ್ನು ಬಿಡಿಸಿದರೂ ಬರಲಿಲ್ವಾ, ಮ್ಯಾಗ್ನೆಟ್ ಕಪ್ಲರ್ ಬಿಚ್ಚಿ ಮಲ್ಟಿಮೀಟರ್ ಹಿಡಿಯಿರಿ. ಸಿಡಿಐಗೆ ಹೋಗುವ ಕಾಯಿಲ್ ಸಾಮಾನ್ಯವಾಗಿ 100ರಿಂದ 400 ಓಮ್ ಒಳಗೆ ತೋರಿಸಬೇಕು, ಪಲ್ಸರ್ ಕಾಯಿಲ್ (ಯಾವಾಗ ಕಿಡಿ ಕೊಡಬೇಕು ಅಂತ ಸಿಡಿಐಗೆ ತಿಳಿಸುವ ಕಾಯಿಲ್) ಅದಕ್ಕಿಂತ ಕಡಿಮೆ. ಏನೂ ತೋರಿಸದಿದ್ದರೆ ಕಾಯಿಲ್ ಕಟ್ ಆಗಿದೆ. ಇವೆರಡೂ ಸರಿ, ಪ್ಲಗ್ಗಿಗೆ ಹೆಚ್ಚು ವೋಲ್ಟೇಜ್ ಮಾಡಿ ಕೊಡುವ ಎಚ್‌ಟಿ ಕಾಯಿಲೂ ಸರಿ ಅಂದ ಮೇಲೇ ಸಿಡಿಐ ಸರದಿ, ಅದೂ ಯಾರದ್ದಾದರೂ ಗಾಡಿಯಿಂದ ಅರ್ಧ ಗಂಟೆ ಕೇಳಿ ಹಾಕಿ ನೋಡಿ.

ಈಗ ಪೇಂಟಿನ ವಿಷಯ. ಟ್ಯಾಂಕ್ ಬಿಚ್ಚಿ, ಎಚ್‌ಟಿ ಕಾಯಿಲ್ ಚಾಸಿಸ್‌ಗೆ ಕೂರುವ ಬೋಲ್ಟ್ ನೋಡಿ. ಅಲ್ಲೇ ಹಸಿರು ಅರ್ಥ್ ವೈರಿನ ರಿಂಗ್ ಇದ್ದರೆ ಅದನ್ನೂ ನೋಡಿ. ಪೇಂಟ್ ಮಾಡುವವರು ಬೋಲ್ಟ್ ಕೂರುವ ಜಾಗಕ್ಕೂ ಬಣ್ಣ ಹೊಡೆದು, ಅದರ ಮೇಲೇ ಟೈಟ್ ಮಾಡಿ ಕೊಡ್ತಾರೆ. ಬಣ್ಣದ ಮೇಲೆ ಕರೆಂಟ್ ಹರಿಯಲ್ಲ. ಸ್ಪಾರ್ಕ್ ವೀಕ್, ಹಾರ್ನ್ ವೀಕ್, ಚಾರ್ಜಿಂಗೂ ಕಡಿಮೆ, ಮೂರೂ ಒಟ್ಟಿಗೆ ಬರೋದು ಹೀಗೆ. ಉಪ್ಪು ಕಾಗದದಲ್ಲಿ ಬಿಳಿ ಕಬ್ಬಿಣ ಕಾಣುವ ತನಕ ಉಜ್ಜಿ, ಟೈಟ್ ಮಾಡಿ, ಮೇಲೆ ಒಂಚೂರು ಗ್ರೀಸ್ ಸವರಿ. ಮುಂಚೆ ಖಾತ್ರಿ ಬೇಕಾದರೆ ಬ್ಯಾಟರಿ ಮೈನಸ್ಸಿಂದ ಇಂಜಿನ್ ಬೋಲ್ಟಿಗೂ ಚಾಸಿಸ್ಸಿಗೂ ಒಂದು ದಪ್ಪ ವೈರ್ ಎಳೆದು ಹಾರ್ನ್ ಒತ್ತಿ. ಸದ್ದು ಜೋರಾಯ್ತಾ, ಅರ್ಥ್ ಕೆಟ್ಟಿದೆ.

ಬ್ಯಾಟರಿಗೆ ಮೀಟರ್ ಹಿಡಿದರೆ ಇಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಹತ್ತಿರ ಇರಬೇಕು. ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಕೊಟ್ಟರೆ 14ರ ಆಸುಪಾಸಿಗೆ ಏರಬೇಕು. 15 ದಾಟಿದರೆ ಚಾರ್ಜಿಂಗ್ ವೋಲ್ಟೇಜ್ ಹತೋಟಿಯಲ್ಲಿಡುವ ಆರ್‌ಆರ್ ಯೂನಿಟ್ (ರೆಗ್ಯುಲೇಟರ್-ರೆಕ್ಟಿಫೈಯರ್) ಹೋಗಿದೆ, ಬ್ಯಾಟರಿ ನೀರು ಕುದಿದು ಒಣಗುತ್ತೆ. ಏರಲೇ ಇಲ್ಲ ಅಂದ್ರೆ ಅರ್ಥ್, ಕಪ್ಲರ್, ಆಮೇಲೆ ಚಾರ್ಜಿಂಗ್ ಕಾಯಿಲ್ ನೋಡಬೇಕು. ಇದು ಸರಿ ಮಾಡದೆ ಮೂರನೇ ಬ್ಯಾಟರಿ ಹಾಕಿದರೆ ಅದೂ ಹಾಗೇ ಹೋಗುತ್ತೆ. ನೀರು ತುಂಬುವ ಬ್ಯಾಟರಿ ಆದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಕಡೆ ಬೋರ್‌ವೆಲ್ ನೀರಲ್ಲಿ ಉಪ್ಪಿನ ಅಂಶ ಎಷ್ಟಿದೆ ಅಂತ ಮನೆ ಪಾತ್ರೆ ನೋಡಿದರೆ ಗೊತ್ತಾಗುತ್ತೆ ಅಲ್ವಾ, ಅದೇ ನೀರು ಬ್ಯಾಟರಿ ಪ್ಲೇಟನ್ನೂ ಹಾಳು ಮಾಡುತ್ತೆ. ಫ್ಯೂಸ್ ಜಾಗದಲ್ಲಿ ತಾಮ್ರದ ಎಳೆ ಸುತ್ತಿದ್ದರೆ ಇವತ್ತೇ ತೆಗೆದು ಸರಿಯಾದ ಫ್ಯೂಸ್ ಹಾಕಿ. ಸೀಟಿನ ಕೆಳಗೆ ಶಾರ್ಟ್ ಆದರೆ ಗಾಡಿಯೇ ಸುಟ್ಟು ಹೋಗುತ್ತೆ. ಕೊಟ್ಟಿಗೆಯಲ್ಲಿ ನಿಲ್ಲಿಸ್ತೀರಿ ಅಂದಿದ್ದೀರಿ, ಇಲಿ ಕಡಿದ ವೈರ್ ಇದೆಯಾ ಅಂತಲೂ ಸೀಟ್ ಎತ್ತಿ ನೋಡಿ. ಒಂದೆರಡು ಕಡೆ ಕಡಿದಿದ್ದರೆ ಆ ಜಾಗ ಬೆಸುಗೆ ಹಾಕಿ ಸ್ಲೀವ್ ಏರಿಸಿದರೆ ಸಾಕು, ಕಂಪನಿಯಿಂದ ಬಂದ ಹಳೇ ವೈರಿಂಗ್ ಈಗ ಸಿಗುವ ಅಗ್ಗದ ಕಿಟ್‌ಗಿಂತ ಎಷ್ಟೋ ಗಟ್ಟಿ.

ಬೆಳಿಗ್ಗೆ ಸ್ಪಾರ್ಕ್ ಯಾವ ಬಣ್ಣ ಬಂತು, ಆಕ್ಸಿಲರೇಟರ್ ಕೊಟ್ಟಾಗ ಎಷ್ಟು ವೋಲ್ಟ್ ಬಂತು, ಇವೆರಡು ಇಲ್ಲೇ ಬರೆದು ಹಾಕಿ. ಮೀಟರ್ ಇಲ್ಲದಿದ್ದರೆ ಕೊಳ್ಳಬೇಡಿ, ಭಾನುವಾರ ನಾನು ಶ್ರೀನಿವಾಸಪುರದಿಂದ ಚಿಂತಾಮಣಿ ಕಡೆ ಬರ್ತಿದ್ದೀನಿ, ನನ್ನದೇ ತರ್ತೀನಿ. ಗಾಡಿ ಹಿಂದಿನ ರಾತ್ರಿ ಹೊರಗೇ ನಿಂತಿರಲಿ, ಅವತ್ತು ಬೆಳಿಗ್ಗೆ ನಾನು ಬರುವ ತನಕ ಕಿಕ್ ಹೊಡೆಯಬೇಡಿ.