ಕಾಡಿಗೆ ಹೋಗದೆ ಫೋಟೊ: ಏರೋಪ್ಲೇನ್ ಚಿಟ್ಟೆಯಿಂದ ಶುರು ಮಾಡಿ
ಕಾಡಿಗೆ ಹೋಗಲು ಆಗಲ್ಲ, ಇರುವುದು 55-250 ಎಂಎಂ ಜೂಮ್ ಲೆನ್ಸ್ ಒಂದೇ, ಮನೆ ಹತ್ತಿರ ಏನು ತೆಗೆಯಲಿ ಅಂತ ಕೇಳಿದ್ದೀರಿ. ಆ ಲೆನ್ಸ್ ಧಾರಾಳ ಸಾಕು.

ಏರೋಪ್ಲೇನ್ ಚಿಟ್ಟೆಯಿಂದ ಶುರು ಮಾಡಿ. ಅದರ ಹಿಂದೆ ಓಡಬೇಡಿ. ಎಷ್ಟೋ ಜಾತಿಗಳು ಒಂದು ಸುತ್ತು ಹಾರಿ ಮತ್ತೆ ಅದೇ ಕಡ್ಡಿಗೆ ಬಂದು ಕೂರುತ್ತವೆ. ಆ ಕಡ್ಡಿಗೆ ಫೋಕಸ್ ಮಾಡಿಟ್ಟು ಸುಮ್ನೆ ಕಾಯಿರಿ. ಅಪರ್ಚರ್ (ಲೆನ್ಸ್‌ನ ಬೆಳಕಿನ ಕಿಂಡಿ) ಎಫ್/8, ಶಟರ್ ವೇಗ ಸೆಕೆಂಡಿನ 1/500 ಇರಲಿ. ಕ್ಯಾಮೆರಾವನ್ನು ಅದರ ಕಣ್ಣಿನ ಮಟ್ಟಕ್ಕೆ ಇಳಿಸಿ, ಫೋಟೊದ ಕಳೆಯೇ ಬದಲಾಗುತ್ತದೆ. ಬೆಳ್ಳಂಬೆಳಿಗ್ಗೆ ಇನ್ನೂ ಒಳ್ಳೆಯದು. ಮೈ ಬಿಸಿಯಾಗುವವರೆಗೆ ಅವು ಹಾರಲಾರವು.

ಇನ್ನೂ ಹತ್ತಿರದಿಂದ ಬೇಕಾದರೆ ಎಕ್ಸ್‌ಟೆನ್ಶನ್ ಟ್ಯೂಬ್ ಕೊಳ್ಳಿ, ಅದು ಕ್ಯಾಮೆರಾಕ್ಕೂ ಲೆನ್ಸ್‌ಗೂ ನಡುವೆ ಹಾಕುವ ಟೊಳ್ಳು ಕೊಳವೆ. ಒಳಗೆ ಗಾಜಿಲ್ಲ, ಹಾಗಾಗಿ ತೀರಾ ಹತ್ತಿರದ ಫೋಟೊಗೆಂದೇ ಇರುವ ಮ್ಯಾಕ್ರೋ ಲೆನ್ಸ್‌ಗಿಂತ ತುಂಬಾ ಅಗ್ಗ.

ಒಂದೇ ಕೋರಿಕೆ: ಅಲುಗಾಡದಿರಲಿ ಅಂತ ಹುಳುವನ್ನು ಹಿಡಿದು ಫ್ರಿಜ್‌ನಲ್ಲಿ ಇಡುವವರಿದ್ದಾರೆ, ದಯವಿಟ್ಟು ಅದನ್ನು ಮಾಡಬೇಡಿ.